ನಾನೊಬ್ಬ ಮಿರಾಮಾರ್ ತಜ್ಞ

ಪುಕ್ಕಟೆಯಾಗಿ ಸಿಗುವ ಸುಖಗಳಲ್ಲಿ ಇನ್ನೊಬ್ಬರಿಗೆ ದಾರಿ ಹೇಳುವ ಸುಖಕ್ಕೆ ಸಮನಾದದ್ದು ಇನ್ನೊಂದಿಲ್ಲ. ಕೇಳುವವನ ಮುಖದಲ್ಲಿ ದೈನ್ಯ, ಹೇಳುವವನ ತೋರುಬೆರಳಿನಲ್ಲಿ ಗತ್ತು. ಮೈಸೂರಿನಲ್ಲಿದ್ದಾಗ ಈ ಸುಖವನ್ನು ನಾನು ಧಾರಾಳವಾಗಿ ಅನುಭವಿಸಿದ್ದೇನೆ. ನನಗೇ ಗೊತ್ತಿಲ್ಲದ ಬೀದಿಗಳಿಗೂ ದಾರಿ ಹೇಳಿದ್ದೇನೆ, ಏಕೆಂದರೆ ‘ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳುವುದು ನಮ್ಮ ಮನೆತನದಲ್ಲಿ ರೂಢಿಯಿಲ್ಲ. ಲಂಡನ್ನಿಗೆ ಬಂದ ಮೇಲೆ ಈ ಸುಖ ತಪ್ಪಿಹೋಯಿತು. ಇಲ್ಲಿ ಯಾರೂ ಯಾರನ್ನೂ ದಾರಿ ಕೇಳುವುದಿಲ್ಲ. ಎಲ್ಲರ ಅಂಗೈಯಲ್ಲೂ ಒಂದು ಫೋನು, ಫೋನಿನೊಳಗೆ ಒಂದು ನೀಲಿ ಚುಕ್ಕೆ. ಆ ಚುಕ್ಕೆಯ ಹಿಂದೆ ಜನ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ನನ್ನ ತೋರುಬೆರಳು ವರ್ಷಗಟ್ಟಲೆ ನಿರುದ್ಯೋಗಿಯಾಗಿತ್ತು. ಅದಕ್ಕೆ ಮತ್ತೆ ಕೆಲಸ ಕೊಟ್ಟದ್ದು ಮಿರಾಮಾರ್.

ನಾನು ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ನೋಡಿ ವರದಿ ಬರೆಯುವ ಡಾಕ್ಟರು. ಕತ್ತಲೆ ಕೋಣೆಯಲ್ಲಿ ಕೂತು ಜನರ ಎಲುಬು, ಶ್ವಾಸಕೋಶ, ನುಂಗಿದ ನಾಣ್ಯ ಮುಂತಾದವನ್ನು ನೋಡುವುದು ನನ್ನ ಕೆಲಸ. ಆ ಎಲುಬಿನ ಯಜಮಾನರ ಮುಖ ನೋಡುವ ಪ್ರಮೇಯವೇ ಬರುವುದಿಲ್ಲ. ಹೆಂಡತಿ ಗಿರಿಜಾ ಧಾರವಾಡದವಳು. ಮಗಳು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ ಮೇಲೆ ನಾವು ಹಳೆಯ ಮನೆಯನ್ನೂ, ಅದರ ಹಿತ್ತಿಲನ್ನೂ, ಹಿತ್ತಿಲಿನ ಹುಲ್ಲನ್ನೂ ಮಾರಿ ಕೊಲಿಂಡೇಲ್‌ನಲ್ಲಿ ಹೊಸದಾಗಿ ಎದ್ದ ಕಟ್ಟಡವೊಂದರಲ್ಲಿ ಫ್ಲ್ಯಾಟ್ ಕೊಂಡೆವು. ಸುತ್ತಮುತ್ತ ಎಲ್ಲ ಬಾಡಿಗೆಗಿರುವ ಹೊಸ ಜೋಡಿಗಳು. ಲಿಫ್ಟಿನಲ್ಲಿ ಅವರು ನಮ್ಮನ್ನು ಕಂಡರೆ ಯಾರದೋ ಮನೆಗೆ ಬಂದ ಅಪ್ಪ ಅಮ್ಮ ಎಂದುಕೊಂಡು ನಗುತ್ತಿದ್ದರು. ಕಟ್ಟಡದ ಹೆಸರು ಮಿರಾಮಾರ್ ಹೌಸ್. ಮಾರಿದ ಏಜೆಂಟ್ ಹುಡುಗಿ ಅದು ಸ್ಪ್ಯಾನಿಷ್ ಹೆಸರೆಂದೂ, ಆ ಹೆಸರಿನ ಊರುಗಳು ಕ್ಯೂಬಾದಲ್ಲಿ, ಅರ್ಜೆಂಟೀನಾದಲ್ಲಿ, ಅಮೆರಿಕದಲ್ಲೆಲ್ಲ ಇವೆಯೆಂದೂ, ‘ಸಮುದ್ರ ನೋಡು’ ಎಂದು ಅದರ ಅರ್ಥವೆಂದೂ ಹೇಳಿದಳು. ನಾನು ಬಾಲ್ಕನಿಗೆ ಹೋಗಿ ನೋಡಿದೆ. ನಾರ್ದರ್ನ್ ಲೈನಿನ ರೈಲು ಕಂಡಿತು, ಎದುರು ಕಟ್ಟಡದ ಬಾಲ್ಕನಿಯಲ್ಲಿ ಒಬ್ಬಾತ ಸತ್ತ ಗಿಡಕ್ಕೆ ಶ್ರದ್ಧೆಯಿಂದ ನೀರು ಹಾಕುತ್ತಿದ್ದುದು ಕಂಡಿತು. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ. ಮೈಸೂರು, ಬೆಂಗಳೂರುಗಳ ಗಲ್ಲಿಗಲ್ಲಿಯಲ್ಲಿ ಹೆಸರಿನ ತುದಿಗೆ ಸಾಗರ ಕಟ್ಟಿಕೊಂಡ ಹೋಟೆಲುಗಳಲ್ಲಿ ಇಡ್ಲಿ ತಿಂದು ಬೆಳೆದವನಿಗೆ ಹೆಸರಿಗೂ ಸಮುದ್ರಕ್ಕೂ ಸಂಬಂಧ ಇರಬೇಕೆಂಬ ಹಟವೇನೂ ಇರುವುದಿಲ್ಲ.

ಆದರೆ ಈ ಹೆಸರು ನೆಗಡಿಯ ಹಾಗೆ ಹರಡುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಕಟ್ಟಡ ಎದ್ದ ಸ್ವಲ್ಪ ದಿನಕ್ಕೇ ಪಕ್ಕದಲ್ಲಿ ಮಿರಾಮಾರ್ ಎಂಬ ಸ್ಪ್ಯಾನಿಷ್ ತಿಂಡಿಗಳ ರೆಸ್ಟೋರೆಂಟ್ ಬಂತು. ಅದರಾಚೆ ಮಿರಾಮಾರ್ ಹಲ್ಲಿನ ದವಾಖಾನೆ. ಮೂಲೆಯಲ್ಲಿ ಮಿರಾಮಾರ್ ಡ್ರೈಕ್ಲೀನರ್ಸ್. ದೊಡ್ಡ ರಸ್ತೆಯಲ್ಲಿ ಮಿರಾಮಾರ್ ಟೈರ್ ಅಂಗಡಿ. ಅದು ನಮ್ಮೆಲ್ಲರಿಗಿಂತ ಹಳೆಯದಂತೆ, ಅದರ ಮಾಲೀಕ ನಾವೆಲ್ಲ ತನ್ನ ಹೆಸರು ಕದ್ದವರೆಂಬಂತೆ ನಮ್ಮನ್ನು ದುರುಗುಟ್ಟಿ ನೋಡುತ್ತಾನೆ. ರೇನರ್ಸ್ ಲೇನ್‌ನಲ್ಲಿ ನಾವು ಕರಿಬೇವು ಕೊಳ್ಳುವ ಅಂಗಡಿಯೂ ಮಿರಾಮಾರ್ ಸ್ಟೋರ್ಸ್. ಯಾಕಯ್ಯ ಈ ಹೆಸರು ಎಂದು ಅಲ್ಲಿನ ಗುಜರಾತಿ ಯಜಮಾನನನ್ನು ಒಮ್ಮೆ ಕೇಳಿದೆ. ಮೊದಲು ಅಲ್ಲಿ ಮೀನಂಗಡಿ ಇತ್ತು, ಬೋರ್ಡು ಗಟ್ಟಿಯಾಗಿತ್ತು, ಕೀಳಲು ಮನಸ್ಸು ಬರಲಿಲ್ಲ ಎಂದ. ಪ್ಯೂರ್ ವೆಜ್ ಎಂಬ ಬರಹದ ಪಕ್ಕದಲ್ಲಿ ಇವತ್ತಿಗೂ ಒಂದು ಮೀನು ಬಾಲ ಎತ್ತಿ ನಗುತ್ತಿದೆ.

ತಾಪತ್ರಯ ಶುರುವಾದದ್ದು ನಮ್ಮ ಕರೆಗಂಟೆಯಿಂದ. ಕಟ್ಟಡದ ಬಾಗಿಲಲ್ಲಿ ಎಲ್ಲ ಫ್ಲ್ಯಾಟಿನ ಗುಂಡಿಗಳೂ ಇದ್ದರೂ ದಾರಿ ತಪ್ಪಿ ಬಂದವರು ಒತ್ತುತ್ತಿದ್ದುದು ನಮ್ಮದನ್ನೇ, ಏಕೆಂದರೆ ಅದು ಎಲ್ಲಕ್ಕಿಂತ ಮೇಲಿತ್ತು. ಗಿರಿಜಾಳ ನಿಯಮ ಒಂದೇ: ಬಾಗಿಲಿಗೆ ಬಂದವರಿಗೆ ಮೊದಲು ನೀರು, ಆಮೇಲೆ ಕಾಫಿ, ಯಾರು ಏನು ಎಂಬ ವಿಚಾರಣೆ ಅವರಾಗಿಯೇ ಹೇಳಿದರೆ ಮಾತ್ರ. ಬಂದವರನ್ನು ‘ಯಾಕೆ ಬಂದಿರಿ’ ಎಂದು ಕೇಳುವುದು ಅವಳ ಪ್ರಕಾರ ಹೊರಗೆ ದಬ್ಬಿದ್ದಕ್ಕೆ ಸಮ. ಹೀಗಾಗಿ ಒಂದು ದಿನ ಆಸ್ಪತ್ರೆಯಿಂದ ಬಂದು ನೋಡಿದರೆ ಭಾರಿ ಆಳೊಬ್ಬ ನಮ್ಮ ಸೋಫಾದಲ್ಲಿ ದವಡೆ ಹಿಡಿದುಕೊಂಡು ಕೂತಿದ್ದ. ಗಿರಿಜಾ ಅವನ ಬಾಯಿಗೆ ಲವಂಗ ಇಟ್ಟು, ‘ಕಚ್ಚಿ ಹಿಡೀರಿ, ಮಾತಾಡಬ್ಯಾಡ್ರಿ’ ಎಂದು ಕನ್ನಡದಲ್ಲೇ ಅಪ್ಪಣೆ ಮಾಡಿದ್ದಳು. ಆತ ನೋವು ಕಡಿಮೆಯಾಯಿತೆಂದು ಕೈಮುಗಿದು ಮನೆಗೇ ಹೊರಟುಹೋದ. ಪಕ್ಕದ ಹಲ್ಲಿನ ಡಾಕ್ಟರು ಇವತ್ತಿಗೂ ಅವನ ದಾರಿ ಕಾಯುತ್ತಿರಬೇಕು. ಇನ್ನೊಮ್ಮೆ ಪ್ರೇಮಿಗಳಿಬ್ಬರು ಸಿಂಗರಿಸಿಕೊಂಡು ಬಂದು ಮೇಜಿನ ಮುಂದೆ ಕೂತು, ಒಗ್ಗರಣೆ ಅವಲಕ್ಕಿ ತಿಂದು, ಇದು ಸ್ಪೇನಿನ ಯಾವ ಭಾಗದ ಅಡುಗೆ ಎಂದು ವಿಚಾರಿಸಿದರಂತೆ.

ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತಾ ಇದರಲ್ಲಿ ನನ್ನ ಹಳೆಯ ಸುಖ ಅಡಗಿದೆ ಎಂದು ಹೊಳೆಯಿತು. ಗಂಟೆ ಬಾರಿಸಿದವರನ್ನು ಕೆಳಗೇ ತಡೆದು, ಕಟ್ಟಡದ ಮುಂದೆ ನಿಂತು ತೋರುಬೆರಳು ಚಾಚತೊಡಗಿದೆ. ‘ನಿಮಗೆ ಬೇಕಾದದ್ದು ಯಾವ ಮಿರಾಮಾರ್? ತಿನ್ನುವುದೋ, ಕೀಳಿಸುವುದೋ, ಒಗೆಸುವುದೋ?’ ಎಂದು ಕೇಳುವಾಗಿನ ನನ್ನ ಠೀವಿಯನ್ನು ನೀವು ನೋಡಬೇಕಿತ್ತು. ಜೊತೆಗೆ ಒಂದಿಷ್ಟು ಉಪದೇಶವನ್ನೂ ಸೇರಿಸುತ್ತಿದ್ದೆ: ಮನೆಯಿಂದ ಹೊರಡುವ ಮೊದಲು ವಿಳಾಸವನ್ನು ಪೂರ್ತಿ ಓದಬೇಕು, ಹೆಸರನ್ನು ನಂಬಬಾರದು, ಈ ಕಾಲದ ಜನಕ್ಕೆ ತಾಳ್ಮೆಯಿಲ್ಲ, ಇತ್ಯಾದಿ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಈ ಪೆದ್ದರ ಕಥೆಗಳನ್ನು ಬಣ್ಣ ಹಚ್ಚಿ ಹೇಳುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಲಾರೆನ್ಸ್.

ಲಾರೆನ್ಸ್ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್. ನಮ್ಮ ವಿಭಾಗದಲ್ಲಿ ಎಕ್ಸ್‌ರೇ ತೆಗೆಯುವವನು ಅವನು, ಓದುವವನು ನಾನು. ಎಷ್ಟೋ ವರ್ಷಗಳಿಂದ ಹೀಗೆ ಗೋಡೆಯ ಆಚೆ ಈಚೆ ಕೂತು ಸ್ನೇಹಿತರಾದೆವು. ಅವನ ಮನೆ ಲಂಡನ್ನಿನ ಆಚೆ ಬದಿಯ ಹೌನ್ಸ್ಲೋದಲ್ಲಿ. ಒಂದು ಮಧ್ಯಾಹ್ನ ಅವನು ನನ್ನ ಕತ್ತಲೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಮಗನ ಮದುವೆ ಗೊತ್ತಾಗಿತ್ತು. ಮದುವೆಯ ಹಿಂದಿನ ಸಂಜೆ ಅವರಲ್ಲಿ ರೋಸ್ ಎಂಬ ಶಾಸ್ತ್ರ ಮಾಡುತ್ತಾರೆ. ಕೊಂಕಣಿಯಲ್ಲಿ ರೋಸ್ ಎಂದರೆ ತೆಂಗಿನಹಾಲು. ಹುಡುಗನನ್ನು ಮಣೆಯ ಮೇಲೆ ಕೂರಿಸಿ ಹಿರಿಯರೆಲ್ಲ ಒಬ್ಬೊಬ್ಬರಾಗಿ ತಲೆಗೆ ಎಣ್ಣೆ ಹಚ್ಚಿ ತೆಂಗಿನಹಾಲು ಹೊಯ್ಯುತ್ತಾರೆ. ಹೆಂಗಸರು ಹಾಡು ಹೇಳುತ್ತಾರೆ. ಕಡೆಗೆ ಬ್ರಹ್ಮಚರ್ಯದ ಕೊನೆಯ ಸ್ನಾನ. ಅದಕ್ಕೆ ನಾವಿಬ್ಬರೂ ಬರಬೇಕೆಂದು ಕರೆದ ಮೇಲೆ ಲಾರೆನ್ಸ್ ಸ್ವಲ್ಪ ತಡವರಿಸಿದ.

‘ಸರ್, ನೀವು ಅಲ್ಲಿ ನಾಲ್ಕು ಮಾತು ಕನ್ನಡದಲ್ಲಿ ಹೇಳ್ಬೇಕು ಮಾರಾಯ್ರೆ. ಅಮ್ಮ ಊರಿಂದ ಬರ್ತಾರೆ. ಈ ಪ್ರಾಯದಲ್ಲಿ ಬರುದೇ ದೊಡ್ಡದು, ಇನ್ನೊಮ್ಮೆ ಬರ್ಲಿಕ್ಕಿಲ್ಲ. ಅವ್ರಿಗೆ ಇಂಗ್ಲಿಷ್ ಕೇಳಿದ್ರೆ ಆಗುದಿಲ್ಲ. ನಮ್ಮ ಬಾಬು ಕೊಂಕಣಿ ಅರ್ಧಂಬರ್ಧ ಅರ್ಥ ಮಾಡ್ಕೊಳ್ತಾನೆ, ಬಾಯಿ ಬಿಟ್ರೆ ಇಂಗ್ಲಿಷ್. ಫೋನಲ್ಲಿ ಇಬ್ರೂ ಊಟ ಆಯ್ತಾ, ಆಯ್ತು ಅಂತ ಹೇಳಿ ಇಡ್ತಾರೆ, ಅಷ್ಟೇ. ಮೊಮ್ಮಗ ಎಂಥ ಹುಡುಗ ಅಂತ ಅಮ್ಮನಿಗೆ ಗೊತ್ತೇ ಇಲ್ಲ ಸರ್. ನಾನು ಹೇಳಿದ್ರೆ ಅಪ್ಪ ಹೊಗಳಿದ ಹಾಗೆ ಆಗ್ತದೆ. ನಿಮ್ಮಂಥವ್ರು ಹೇಳಿದ್ರೆ ಅವ್ರು ನಂಬ್ತಾರೆ.’

ಅವನ ತಾಯಿ ಸಿಸಿಲಿ ಟೀಚರ್ ಊರಿನ ಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದವರು. ಈ ವಿಷಯ ಕೇಳಿದ್ದೇ ತಡ ನನ್ನೊಳಗಿನ ಭಾಷಣಕಾರ ಎದ್ದು ಕೂತ. ಲಂಡನ್ನಿನ ಕನ್ನಡ ಸಮಾರಂಭಗಳಲ್ಲಿ ನಾನು ಮೈಕು ಹಿಡಿದವನು; ಹಿಡಿದರೆ ಬಿಡುವುದಿಲ್ಲ ಎಂಬ ಕೀರ್ತಿಯೂ ಇದೆ. ಆದರೆ ಭಾಷಣದ ಕೊನೆಯಲ್ಲಿ ವ್ಯಾಕರಣ ಬಲ್ಲ ಒಬ್ಬರಾದರೂ ಕೂತು ತಲೆದೂಗುವ ಭಾಗ್ಯ ಸಿಕ್ಕಿರಲಿಲ್ಲ. ‘ಯೋಚನೆ ಬಿಡು ಲಾರೆನ್ಸ್. ನಿನ್ನ ಅಮ್ಮ ಊರಿಗೆ ಹೋದ ಮೇಲೂ ಈ ಭಾಷಣ ನೆನಪಿಸಿಕೊಳ್ಳಬೇಕು, ಹಾಗೆ ಮಾತಾಡ್ತೀನಿ’ ಎಂದೆ. ಅವನ ಕಣ್ಣು ಒದ್ದೆಯಾಯಿತು.

ಅಂದಿನಿಂದ ನಾನು ಸ್ನಾನದ ಮನೆಯ ಕನ್ನಡಿಯ ಮುಂದೆ ಅಭ್ಯಾಸ ಶುರುಮಾಡಿದೆ. ರಾಜ್ಯೋತ್ಸವಕ್ಕೆಂದು ಮಾಡಿಕೊಂಡಿದ್ದ ಒಂದು ಗಟ್ಟಿ ಆರಂಭ ಕೈಯಲ್ಲಿತ್ತು: ‘ಕಾವೇರಿಯ ತೀರದಿಂದ ಥೇಮ್ಸ್ ತೀರದವರೆಗೆ’. ಕರಾವಳಿಯವರೆಂಬ ಮರ್ಯಾದೆಗೆ ಕಾವೇರಿಯನ್ನು ತೆಗೆದು ನೇತ್ರಾವತಿಯನ್ನು ಹರಿಸಿದೆ. ನಡುವೆ ತಂದೆಯ ಶ್ರಮ, ತಾಯಿಯ ಮಮತೆ, ಎರಡು ಸಂಸ್ಕೃತಿಗಳ ನಡುವಿನ ಸೇತುವೆ, ಪ್ರತಿಭೆ ಮತ್ತು ವಿನಯಗಳ ಸಂಗಮ. ಸಂಗಮ ಎನ್ನುವಾಗ ಎರಡೂ ಕೈ ಸೇರಿಸಬೇಕು. ಗಿರಿಜಾ ಹೊರಗಿನಿಂದ ಬಾಗಿಲು ಬಡಿದಳು.

‘ಆ ಹುಡುಗಗ ಒಂದು ಫೋನ್ ಮಾಡಿ ಮಾತಾಡ್ರಿ. ಏನ್ ಓದ್ಯಾನ, ಏನ್ ಕೆಲಸ ಮಾಡ್ತಾನ, ನಿಮಗೇನರ ಗೊತ್ತದೇನು?’

‘ಅದೆಲ್ಲ ವಿವರ ಕಣೇ. ಭಾಷಣದಲ್ಲಿ ಮುಖ್ಯ ಭಾವ.’

‘ಅವನ ಹೆಸರರ ಗೊತ್ತದ?’

ಸತ್ಯ ಹೇಳಬೇಕೆಂದರೆ ಗೊತ್ತಿರಲಿಲ್ಲ. ಲಾರೆನ್ಸ್ ಅವನನ್ನು ಯಾವಾಗಲೂ ‘ನಮ್ಮ ಬಾಬು’ ಎನ್ನುತ್ತಿದ್ದ; ಅವರಲ್ಲಿ ಮನೆಮನೆಯ ಹುಡುಗನೂ ಬಾಬುವೇ. ನಾನು ಅವನನ್ನು ನೋಡಿದ್ದು ಅವನಿಗೆ ಮೀಸೆ ಮೂಡುವ ಮೊದಲು, ಯಾವುದೋ ಕ್ರಿಸ್‌ಮಸ್ ಊಟದಲ್ಲಿ. ಬಾಬು ಎಂದರೆ ಸಾಕು, ಆತ್ಮೀಯವಾಗಿರುತ್ತದೆ ಎಂದು ತೀರ್ಮಾನಿಸಿದೆ.

ಜೂನ್ ತಿಂಗಳ ಶುಕ್ರವಾರ ಸಂಜೆ ರೇಷ್ಮೆ ಜುಬ್ಬಾ ತೊಟ್ಟು ಹೊರಟೆ. ಭಾಷಣದ ಗಾಂಭೀರ್ಯಕ್ಕೆ ಭಂಗ ಬರಬಾರದೆಂದು ಫೋನಿನ ಬಾಯಿ ಆಗಲೇ ಮುಚ್ಚಿ ಜೇಬಿಗೆ ಹಾಕಿದ್ದೆ. ಕಾರ್ಯಕ್ರಮ ಮಿರಾಮಾರ್ ಹಾಲ್‌ನಲ್ಲಿ ಎಂದು ಲಾರೆನ್ಸ್ ಹೇಳಿದಾಗ ಇಬ್ಬರೂ ನಕ್ಕಿದ್ದೆವು. ವಿಳಾಸ ಕಳಿಸಿದ್ದ, ನಾನು ತೆರೆಯಲಿಲ್ಲ. ಹೌನ್ಸ್ಲೋದಲ್ಲಿ ಮಿರಾಮಾರ್ ಎಂಬ ದೊಡ್ಡ ಹಾಲ್ ಇದೆ, ಅದರ ಮುಂದೆಯೇ ಎಷ್ಟೋ ಸಲ ವಿಮಾನ ನಿಲ್ದಾಣಕ್ಕೆ ಹೋಗಿದ್ದೇನೆ, ಲಾರೆನ್ಸ್ ಇರುವುದೂ ಹೌನ್ಸ್ಲೋದಲ್ಲೇ. ಇನ್ನೇನು ನೋಡುವುದು? ಗಿರಿಜಾ ಕಾರಿನಲ್ಲಿ, ‘ಅಡ್ರೆಸ್ ಒಮ್ಮೆ ನೋಡ್ರಿ, ಕಳಿಸ್ಯಾರಲ್ಲ’ ಎಂದಳು. ಮಿರಾಮಾರ್ ವಿಷಯದಲ್ಲಿ ನನಗೆ ವಿಳಾಸ ನೋಡಿಕೋ ಎನ್ನುವುದು ಪೂಜಾರಿಗೆ ಗಂಟೆ ಯಾವುದೆಂದು ತೋರಿಸಿದ ಹಾಗೆ ಎಂದು ಅವಳಿಗೆ ವಿವರಿಸಿದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಹೌನ್ಸ್ಲೋದ ಮಿರಾಮಾರ್ ಹಾಲ್‌ನ ಬಾಗಿಲಲ್ಲೇ ತೆಂಗಿನಹಾಲಿನ ವಾಸನೆ ಬಂತು. ‘ನೋಡಿದೆಯಾ?’ ಎಂದೆ. ಒಳಗೆ ಹೆಂಗಸರು ಹಾಡುತ್ತಿದ್ದರು, ನಡುವೆ ಮಣೆಯ ಮೇಲೆ ಹುಡುಗನೊಬ್ಬ ಕೂತಿದ್ದ. ತಲೆಯಿಂದ ಗದ್ದದವರೆಗೆ ತೆಂಗಿನಹಾಲು. ಅದರ ಮೇಲೆ ಗೆಳೆಯರು ಯಾರೋ ಮೊಟ್ಟೆಯನ್ನೂ ಒಡೆದಿದ್ದರು. ಮುಖವೆಂದು ಕಾಣುತ್ತಿದ್ದುದು ಮೂಗೊಂದೇ. ‘ಲಾರೆನ್ಸನ ಮೂಗೇ ನೋಡು, ಅಚ್ಚು ಹಾಕಿದ ಹಾಗಿದೆ’ ಎಂದು ಗಿರಿಜಾಳಿಗೆ ತೋರಿಸಿದೆ. ‘ಲಾರೆನ್ಸ್ ಅವರು ಮಾತ್ರ ಎಲ್ಲೂ ಕಾಣವಲ್ರಲ್ಲ’ ಎಂದಳು. ಮಗನ ಮದುವೆಯಲ್ಲಿ ಅಪ್ಪ ಅಡುಗೆಮನೆಯಲ್ಲದೆ ಇನ್ನೆಲ್ಲಿರುತ್ತಾನೆ ಎಂದು ಸಮಾಧಾನ ಹೇಳಿದೆ. ನಮ್ಮನ್ನು ಯಾರೂ ಯಾರೆಂದು ಕೇಳಲಿಲ್ಲ. ‘ಬನ್ನಿ ಬನ್ನಿ’ ಎಂದು ಕೈಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಹೋದರು. ತಂದೆಯ ಕಡೆಯವರು ನಮ್ಮನ್ನು ತಾಯಿಯ ಕಡೆಯವರೆಂದೂ, ತಾಯಿಯ ಕಡೆಯವರು ತಂದೆಯ ಆಫೀಸಿನವರೆಂದೂ ಅಂದುಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ಜುಬ್ಬಾ ತೊಟ್ಟ ಹಿರಿಯರನ್ನು ನೀವ್ಯಾರು ಎಂದು ಕೇಳುವುದು ಅವರಲ್ಲಿಯೂ ಇಲ್ಲ. ಬಟ್ಟಲು ಕೈಗೆ ಬಂತು. ನಾನು ಎಣ್ಣೆ ಹಚ್ಚಿ, ಹಾಲು ಹೊಯ್ದು, ಆ ಮೂಗಿಗೆ ಮನಸಾರೆ ಆಶೀರ್ವಾದ ಮಾಡಿದೆ.

ಮುಂದಿನ ಸಾಲಿನಲ್ಲಿ ಬಿಳಿ ಕೂದಲಿನ ಅಜ್ಜಿಯೊಬ್ಬರು ಕೂತಿದ್ದರು. ಇವರೇ ಸಿಸಿಲಿ ಟೀಚರ್ ಎಂದು ನನಗೆ ನೋಡಿದೊಡನೆ ಅನ್ನಿಸಿತು. ಆ ಮುಖದಲ್ಲೇ ವ್ಯಾಕರಣ ಇತ್ತು. ಅಷ್ಟರಲ್ಲಿ ಮೈಕು ಹಿಡಿದ ಯುವಕ ಯಾರಾದರೂ ಮಾತಾಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನ ಪ್ರಶ್ನೆ ಮುಗಿಯುವ ಮೊದಲೇ ಮೈಕು ನನ್ನ ಕೈಯಲ್ಲಿತ್ತು. ನಾನು ಅಜ್ಜಿಗೆ ನಮಸ್ಕರಿಸಿ ನೇತ್ರಾವತಿಯಿಂದ ಹೊರಟೆ. ‘ಈ ಬಾಬುವನ್ನು ನಾನು ಚಿಕ್ಕಂದಿನಿಂದ ಬಲ್ಲೆ’ ಎಂದೆ. ಬುದ್ಧಿಯಲ್ಲಿ ಚುರುಕು, ನಡತೆಯಲ್ಲಿ ಮೃದು ಎಂದೆ. ಇವನ ತಂದೆ ಎಂಥ ಕಷ್ಟಜೀವಿ ಎಂಬುದನ್ನು ಪಕ್ಕದ ಕೋಣೆಯಿಂದ ಕಣ್ಣಾರೆ ಕಂಡಿದ್ದೇನೆ ಎಂದೆ. ಸಂಗಮ ಬಂದಾಗ ಎರಡೂ ಕೈ ಸೇರಿಸಿದೆ. ಮೈಕು ಹಣೆಗೆ ಬಡಿಯಿತು. ಅದನ್ನೂ ಭಾವಾವೇಶವೆಂದು ಜನ ಮೆಚ್ಚಿಕೊಂಡರು. ಅಜ್ಜಿ ಒಂದೊಂದು ವಾಕ್ಯಕ್ಕೂ ತಲೆದೂಗಿದರು. ಇಂಥ ಚಪ್ಪಾಳೆ ನನಗೆ ಯಾವ ರಾಜ್ಯೋತ್ಸವದಲ್ಲೂ ಬಿದ್ದಿರಲಿಲ್ಲ. ಹಲವರು ಫೋನಿನಲ್ಲಿ ಚಿತ್ರಿಸಿಕೊಂಡರು.

ಮೈಕು ಕೆಳಗಿಡುತ್ತಿದ್ದಂತೆ ಕೋಟು ಹಾಕಿದ ಒಬ್ಬರು ಓಡಿಬಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ಕಣ್ಣಲ್ಲಿ ನೀರು.

‘ನನ್ನ ಮಗನ ಬಗ್ಗೆ ಇಷ್ಟು ಚಂದ ಯಾರೂ ಹೇಳಿರ್ಲಿಲ್ಲ ಸರ್. ನನಗೇ ಗೊತ್ತಿರ್ಲಿಲ್ಲ ಅವ ಇಷ್ಟು ಒಳ್ಳೆಯವ ಅಂತ. ನೀವು ಯಾರು?’

ನಾನು ಅವರ ಮೂಗು ನೋಡಿದೆ. ಹುಡುಗನ ಮೂಗು ಅಲ್ಲಿತ್ತು. ‘ಲಾರೆನ್ಸ್ ಎಲ್ಲಿ?’ ಎಂದೆ. ‘ಯಾವ ಲಾರೆನ್ಸ್?’ ಎಂದು ಆ ತಂದೆ ವಿನ್ಸೆಂಟ್ ಕೂಗು ಹಾಕಿ, ಸಭೆಯಲ್ಲಿದ್ದ ಲಾರೆನ್ಸ್‌ಗಳನ್ನೆಲ್ಲ ಕರೆಸಿ ನನ್ನ ಮುಂದೆ ಸಾಲಾಗಿ ನಿಲ್ಲಿಸಿದರು. ಒಬ್ಬರಿಗಿಂತ ಒಬ್ಬರು ಒಳ್ಳೆಯ ಲಾರೆನ್ಸ್‌ಗಳು. ನನ್ನವನು ಅವರಲ್ಲಿರಲಿಲ್ಲ. ಗಿರಿಜಾ ನನ್ನ ಜೇಬಿಗೆ ಕೈಹಾಕಿ ಫೋನು ತೆಗೆದಳು. ಲಾರೆನ್ಸ್ ಕರೆದೂ ಕರೆದೂ ಸಾಕಾಗಿ, ಕೊನೆಗೆ ‘ಸರ್, ಆರಾಮಾಗಿ ಬನ್ನಿ, ಕಾಯ್ತೇವೆ’ ಎಂದು ಬರೆದಿದ್ದ. ವಿಳಾಸ ತೆರೆದು ನನ್ನ ಮೂಗಿನ ಮುಂದೆ ಹಿಡಿದಳು. ಮಿರಾಮಾರ್ ಹಾಲ್, ರೇನರ್ಸ್ ಲೇನ್. ನಾವು ವಾರ ವಾರ ಕರಿಬೇವು ಕೊಳ್ಳುವ ಅಂಗಡಿಯ ಹಿಂದಿನ ಬೀದಿ, ನಮ್ಮ ಮನೆಗೆ ಎಷ್ಟೋ ಹತ್ತಿರ.

ಓಡೋಣವೆಂದರೆ ವಿನ್ಸೆಂಟ್ ಬಿಡಲಿಲ್ಲ. ನಡೆದದ್ದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕು, ‘ತಪ್ಪಿ ಬಂದ್ರೂ ಬಂದದ್ದು ಬಂದದ್ದೇ, ಊಟ ಮಾಡದೆ ಹೋದ್ರೆ ಮದುವೆ ಮನೆಗೆ ಒಳ್ಳೇದಲ್ಲ’ ಎಂದು ಕೂರಿಸಿದರು. ಸನ್ನ ಎಂಬ ಅವರ ಮೆತ್ತನೆಯ ಇಡ್ಲಿ ಬಂತು. ನಾನು ಗಬಗಬ ನುಂಗಿದೆ. ಗಿರಿಜಾ ತಟ್ಟೆಯಲ್ಲಿದ್ದ ಪ್ರತಿಯೊಂದನ್ನೂ ‘ಇದರಾಗ ಏನದ?’ ಎಂದು ಕೇಳಿ, ಸಸ್ಯಾಹಾರವೆಂದು ಖಾತ್ರಿಯಾದ ಮೇಲೆ ಒಂದು ತುತ್ತು ಮುಟ್ಟಿ ಎದ್ದಳು. ಸೌತಾಲ್‌ನ ವಾಹನಸಂದಣಿಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡೆವು. ನಾರ್ತೊಲ್ಟ್ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ‘ಲಾರೆನ್ಸ್ ಅವರ ತಾಯಿ ಪಾಪ, ಎಷ್ಟು ದೂರದಿಂದ ಬಂದಾರ’ ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ರೇನರ್ಸ್ ಲೇನ್‌ನ ಹಾಲ್ ಚಿಕ್ಕದು, ತಣ್ಣಗಿತ್ತು. ಹಾಡು ಮುಗಿದುಹೋಗಿತ್ತು. ಜನ ಗುಂಪುಗುಂಪಾಗಿ ಕೂತಿದ್ದರು. ನಡುವೆ ಮಣೆಯ ಮೇಲೆ ಹುಡುಗನೊಬ್ಬ ಹೆಗಲಿಗೆ ಟವೆಲು ಸುತ್ತಿಕೊಂಡು ಗಡಗಡ ನಡುಗುತ್ತಿದ್ದ. ತಲೆಯ ಮೇಲಿನ ತೆಂಗಿನಹಾಲು ಒಣಗಿ ಬಿಳಿ ಪೊರೆ ಕಟ್ಟಿತ್ತು. ‘ಬಂದ್ರಾ ಸರ್! ನೀವು ಹಾಲು ಹಾಕದೆ ಇವನಿಗೆ ಸ್ನಾನ ಇಲ್ಲ ಅಂತ ನಾನೇ ಕೂರಿಸಿದ್ದು’ ಎಂದು ಲಾರೆನ್ಸ್ ನನ್ನ ಕೈ ಹಿಡಿದ. ಅವನ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಹಾಲು ಹೊಯ್ದೆ, ಹುಡುಗ ‘ಹೂ’ ಎಂದು ನಡುಗಿದ. ಸುತ್ತ ಇದ್ದವರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಲಂಡನ್ನಿನಲ್ಲಿರುವ ಮಂಗಳೂರು, ಉಡುಪಿ ಕಡೆಯವರೆಲ್ಲ ಯಾವುದಾದರೊಂದು ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ನೆಂಟರು. ಸೌತಾಲ್‌ನ ಸಂದಣಿಯಲ್ಲಿ ನಾನು ಸಿಕ್ಕಿಕೊಂಡರೂ ನನ್ನ ಭಾಷಣ ಸಿಕ್ಕಿಕೊಂಡಿರಲಿಲ್ಲ. ಅದು ನನಗಿಂತ ಬಹಳ ಮೊದಲೇ ಬಂದು, ಇಡೀ ಸಭೆಯನ್ನು ಸುತ್ತಿ ಮುಗಿಸಿತ್ತು.

ಹುಡುಗ ಕಣ್ಣಿನ ಹಾಲು ಒರೆಸಿಕೊಂಡು ನನ್ನ ಕಡೆ ನೋಡಿದ. ‘ಲವ್ಲಿ ವಿಡಿಯೋ, ಅಂಕಲ್’ ಎಂದ. ಆಮೇಲೆ, ತನಗೆ ಕನ್ನಡ ಬರುವುದಿಲ್ಲ, ಅದರಲ್ಲಿ ತನಗೆಂದು ಬರೆದಿದ್ದು ಯಾವ ಭಾಗ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ. ಚುಚ್ಚುವುದಕ್ಕಲ್ಲ, ತಿಳಿಯುವ ಆಸೆಯಿಂದಲೇ ಕೇಳಿದ್ದ. ನಾನು ಮನಸ್ಸಿನಲ್ಲಿ ಭಾಷಣವನ್ನು ನೇತ್ರಾವತಿಯಿಂದ ಥೇಮ್ಸ್‌ವರೆಗೆ ಹುಡುಕಿದೆ. ಅವನದೆಂದು ಹೇಳಬಹುದಾದ ಒಂದು ಪದವೂ ಸಿಗಲಿಲ್ಲ. ಪರಿಚಯವೇ ಇಲ್ಲದ ವಿನ್ಸೆಂಟ್ ಮಗನಿಗೆ ಅದು ಹೊಲಿಸಿದ ಹಾಗೆ ಕೂತಿತ್ತಲ್ಲ!

ಲಾರೆನ್ಸ್ ಮೈಕು ತಂದುಕೊಟ್ಟ. ಎದುರಿಗೆ ಕನ್ನಡಕ ಹಾಕಿದ, ಸಣ್ಣ ದೇಹದ ಅಜ್ಜಿಯೊಬ್ಬರು ಮಡಿಲಲ್ಲಿ ಫೋನು ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಈ ಸಲ ಊಹಿಸುವ ಗೋಜಿಗೆ ಹೋಗಲಿಲ್ಲ. ‘ಸಿಸಿಲಿ ಟೀಚರ್ ತಾವೇ ತಾನೆ?’ ಎಂದು ಕೇಳಿ ಖಾತ್ರಿ ಮಾಡಿಕೊಂಡೆ.

‘ನಾನೇ. ನಿಮ್ಮ ಭಾಷಣ ಎರಡು ಸಲ ನೋಡಿದೆ’ ಎಂದರು ಟೀಚರ್. ‘ಭಾಷೆ ಶುದ್ಧ ಉಂಟು. ಉಚ್ಚಾರ ಚಂದ ಉಂಟು. ಆದ್ರೆ ನೀವು ಪ್ರಶ್ನೆಯನ್ನೇ ಓದ್ಲಿಲ್ಲ. ನಮ್ಮ ಶಾಲೆಯಲ್ಲಿ ಕೆಲವು ಮಕ್ಕಳು ಹೀಗೇ, ಏನು ಕೇಳಿದ್ರೂ ದನದ ಪ್ರಬಂಧ ಬರೀತಿದ್ರು.’

ಸಭೆ ಬಿದ್ದು ಬಿದ್ದು ನಕ್ಕಿತು. ಗಿರಿಜಾ ಎಲ್ಲರಿಗಿಂತ ಮುಂಚೆ ಶುರುಮಾಡಿ ಎಲ್ಲರಿಗಿಂತ ತಡವಾಗಿ ನಿಲ್ಲಿಸಿದಳು. ನಾನು ಮಣೆಯ ಪಕ್ಕದಲ್ಲಿ ನೆಲದ ಮೇಲೆ, ಚೆಲ್ಲಿದ ಹಾಲಿನಲ್ಲೇ ಜುಬ್ಬಾ ಸಮೇತ ಕೂತೆ. ಹುಡುಗನ ಹೆಸರು ಕೇಳಿದೆ. ಕೆಲ್ವಿನ್ ಎಂದ. ಏನು ಕೆಲಸ ಮಾಡುತ್ತೀಯಪ್ಪ ಎಂದೆ. ಪಿಯಾನೋಗಳ ಶ್ರುತಿ ಸರಿಮಾಡುವ ಕೆಲಸವಂತೆ. ಹಳೆಯ, ಯಾರೂ ಬೇಡವೆಂದು ಬಿಟ್ಟ ಪಿಯಾನೋಗಳನ್ನು ಬಿಚ್ಚಿ ಜೋಡಿಸುತ್ತಾನಂತೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮೈಕಿನಲ್ಲಿ ಕನ್ನಡ ಮಾಡುತ್ತ ಹೋದೆ. ಈ ಹುಚ್ಚು ಹೇಗೆ ಹತ್ತಿತು ಎಂದು ಕೇಳಿದೆ. ಅವನು ಅಜ್ಜಿಯ ಕಡೆ ನೋಡಿ, ಹುಡುಗನಾಗಿದ್ದಾಗ ಊರಿಗೆ ಹೋದಾಗ ಅಜ್ಜಿಯ ಮನೆಯ ಹಾರ್ಮೋನಿಯಂ ಬಿಚ್ಚಿ ಹರವಿಬಿಟ್ಟಿದ್ದೆ ಎಂದ. ಎಲ್ಲರೂ ಬೈದರಂತೆ. ಅಜ್ಜಿ ಮಾತ್ರ ಬೈಯದೆ ಪಕ್ಕದಲ್ಲೇ ಚಾಪೆ ಹಾಸಿ ಕೂತು, ಒಂದೊಂದೇ ಬಿಡಿಭಾಗ ಎತ್ತಿ ಕೊಟ್ಟರಂತೆ. ಜೋಡಿಸಿ ಮುಗಿದ ಮೇಲೆ ಒಂದು ಚೂರು ಉಳಿದುಬಿಟ್ಟಿತ್ತು, ಹೆದರಿ ಅದನ್ನು ಜೇಬಿಗೆ ಹಾಕಿಕೊಂಡು ಬಂದೆ, ಯಾರಿಗೂ ಹೇಳಿಲ್ಲ ಎಂದ.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

‘ಗೊತ್ತುಂಟು ಅಂತ ಹೇಳಿ ಅವನಿಗೆ’ ಎಂದರು. ‘ಆವತ್ತಿಂದ ಅದ್ರಲ್ಲಿ ಒಂದು ಸ್ವರ ಬರುದಿಲ್ಲ. ಸರಿ ಮಾಡುವವ ಬಂದಿದ್ದ, ನಾನೇ ಮುಟ್ಟಬೇಡ ಅಂದೆ.’

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಕೆಲ್ವಿನ್ ಮಣೆಯಿಂದ ಎದ್ದು, ಸುರಿಯುವ ಹಾಲಿನ ಸಮೇತ ಹೋಗಿ ಅಜ್ಜಿಯನ್ನು ಅಪ್ಪಿಕೊಂಡ. ಅವರ ಒಳ್ಳೆಯ ಸೀರೆ ಹಾಳಾಯಿತು. ಅವರು ಅವನ ಬೆನ್ನು ತಟ್ಟುತ್ತ ಕೊಂಕಣಿಯಲ್ಲಿ ಏನೋ ಹೇಳಿದರು, ಅವನು ಹೂಂಗುಟ್ಟಿದ, ಅಲ್ಲಿಗೆ ನನ್ನ ಅಗತ್ಯ ಮುಗಿದಿತ್ತು. ಆ ಸಂಜೆ ನಾನು ಮಾಡಿದ ಎರಡನೆಯ ಭಾಷಣದಲ್ಲಿ ನನ್ನದೆನ್ನುವ ಒಂದು ವಾಕ್ಯವೂ ಇರಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಭಾಷಣ ಅದೇ ಎಂದು ಗಿರಿಜಾ ಹೇಳುತ್ತಾಳೆ. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿ ಕಲಿತವನೆಂದು ನೀವು ನಂಬುತ್ತಿದ್ದಿರಿ. ಆದರೆ ಹೋದ ಭಾನುವಾರ ವಿನ್ಸೆಂಟ್ ಫೋನ್ ಮಾಡಿದರು. ಅವರ ಎರಡನೆಯ ಮಗನಿಗೂ ಮದುವೆಯಂತೆ, ರೋಸ್‌ಗೆ ನಾನು ಬರಲೇಬೇಕಂತೆ. ‘ಅದೇ ಭಾಷಣ ಮಾಡಿ ಸರ್, ಒಂದಕ್ಷರ ಬದಲಾಯಿಸ್ಬೇಡಿ’ ಎಂದರು. ನಾನು ಗಂಭೀರವಾಗಿ, ಹುಡುಗ ಬೇರೆ ಅಲ್ಲವೇ, ಸರಿಹೋಗುತ್ತದೆಯೇ ಎಂದೆ. ‘ಯಾರಿಗಾದ್ರೂ ಸರಿಹೋಗ್ತದೆ ಸರ್, ಅದೇ ಅದ್ರ ಚಂದ’ ಎಂದರು. ನನಗೆ ಎದೆಯುಬ್ಬಿತು. ಖಂಡಿತ ಬರುತ್ತೇನೆ ಎಂದು ಮಾತು ಕೊಟ್ಟು, ಫೋನು ಇಟ್ಟು, ಗಂಟಲು ಸರಿಮಾಡಿಕೊಂಡು ಸ್ನಾನದ ಮನೆಯ ಕಡೆ ಹೊರಟೆ. ಹಿಂದಿನಿಂದ ಗಿರಿಜಾ ಆ ಹುಡುಗನ ಹೆಸರೇನೆಂದು ಕೇಳಿದಳು.

ನಾನು ಮೆಲ್ಲಗೆ ಬಾಗಿಲು ಹಾಕಿಕೊಂಡೆ.